ಬಿಕ್ಕಳಿಕೆ ಸೇವಾ ಸಂಘ

ನಮ್ಮೂರಿನಲ್ಲಿ ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬರಿಗೆ ಹೇಳಿದರೆ ಹೇಳಿದವರಿಗೆ ಬಿಕ್ಕಳಿಕೆ ಹಿಡಿಯುತ್ತದೆ. ಹೇಳಿದ ಮಾತು ನಿಜವಾಗಿರಬೇಕು, ಮಾಡಿದ ಕೆಲಸ ತಪ್ಪೇ ಆಗಿರಬೇಕು; ಎರಡರಲ್ಲಿ ಒಂದಿಲ್ಲದಿದ್ದರೂ ಬರುವುದಿಲ್ಲ. ಬಂದರೆ ಎಂಟು ಗಂಟೆ ಬಿಡುವುದಿಲ್ಲ. ಸಕ್ಕರೆ ತಿಂದರೂ ಅಷ್ಟೇ, ಬೆನ್ನಿಗೆ ಗುದ್ದಿಸಿಕೊಂಡರೂ ಅಷ್ಟೇ. ರಾತ್ರಿ ಹೇಳಿ ಮಲಗಿಬಿಡುತ್ತೇವೆ ಎಂದುಕೊಂಡವರ ಕಥೆ ಇನ್ನೂ ಕಷ್ಟ, ಊರು ಮಲಗಿದ ಮೇಲೆ ಒಂದು ಬಿಕ್ಕಳಿಕೆ ಮೂರು ಗೋಡೆ ದಾಟಿ ಕೇಳಿಸುತ್ತದೆ.

ಆದ್ದರಿಂದ ನಮ್ಮಲ್ಲಿ ಪೊಲೀಸರಿಗೆ ದೂರು ಕೊಡುವವರೇ ಇರಲಿಲ್ಲ. ಎಣ್ಣೆ ಗಾಣದವರು ಕಲಬೆರಕೆ ಮಾಡುತ್ತಾರೆಂದು ತಿಪ್ಪಮ್ಮ ಒಮ್ಮೆ ಠಾಣೆಗೆ ಹೋಗಿ ಹೇಳಿ, ಬಿಕ್ಕಳಿಸುತ್ತ ಬಜಾರಿನ ಉದ್ದಕ್ಕೂ ನಡೆದು ಮನೆಗೆ ಬಂದಳು. ಗಾಣದವರಿಗೆ ದಂಡ ಬಿತ್ತು, ನಿಜ. ಆದರೆ ಮೂರು ತಿಂಗಳು ಬಜಾರಿನಲ್ಲಿ ಒಬ್ಬರೂ ಅವಳಿಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಡಲಿಲ್ಲ. ನಾಳೆ ನಮ್ಮ ಮೇಲೂ ಹೇಳುತ್ತಾಳೆ ಎಂದು ಎಲ್ಲರಿಗೂ ಭಯ.

ದಫೇದಾರ್ ಖಾಸಿಂ ಸಾಹೇಬರು ಬಂದ ಮೇಲೆ ಇದಕ್ಕೊಂದು ಉಪಾಯವಾಯಿತು. ಅವರು ಮತ್ತು ನಿವೃತ್ತ ಹೆಡ್‌ಮಾಸ್ಟರ್ ಷಡಕ್ಷರಿ ಮೇಷ್ಟ್ರು ಸೇರಿ ಗುಪ್ತ ಮಾಹಿತಿ ಸ್ವಯಂಸೇವಕರ ಸಂಘ ಕಟ್ಟಿದರು. ಯಾರಾದರೂ ದೂರು ಹೇಳಬೇಕಿದ್ದರೆ ಮೊದಲು ಮೇಷ್ಟ್ರಿಗೆ ‘ನಾಳೆ ಕೆಲಸವಿದೆ’ ಎಂದಷ್ಟೇ ತಿಳಿಸಬೇಕು. ಮೇಷ್ಟ್ರು ಅವತ್ತೇ ಸಂಜೆ ನೂರು ಸ್ವಯಂಸೇವಕರ ಮನೆಗೆ ಚೀಟಿ ಕಳಿಸುತ್ತಿದ್ದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ನೂರೂ ಜನ ಅವರವರ ಅಂಗಡಿ, ಅಡಿಗೆಮನೆ, ಕಚೇರಿಗಳಲ್ಲಿ ಸುಳ್ಳು ಬಿಕ್ಕಳಿಕೆ ಶುರುಮಾಡಬೇಕು, ಸಂಜೆ ಆರರ ಸೈರನ್ ಆಗುವವರೆಗೆ ನಿಲ್ಲಿಸಬಾರದು. ಆ ಗದ್ದಲದಲ್ಲಿ ಒಂದು ನಿಜವಾದ ಬಿಕ್ಕಳಿಕೆ ಎಲ್ಲಿದೆಯೆಂದು ಯಾರಿಗೂ ತಿಳಿಯಬಾರದು. ‘ನಿಮ್ಮದು ಸೇವೆಯದೋ ನಿಜದ್ದೋ’ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಮೇಷ್ಟ್ರು ಲೈಬ್ರರಿ ಗೋಡೆಯ ಮೇಲೆ ಬರೆಸಿದರು. ಒಂದು ವರ್ಷದಲ್ಲಿ ನಾನೂರು ಜನ ಸಂಘ ಸೇರಿದರು. ಊರಿನ ಜನ ಅದನ್ನು ಬಿಕ್ಕಳಿಕೆ ಸೇವಾ ಸಂಘ ಅಂತಲೇ ಕರೆದರು.

ನಾನು ಗಿರಿಜಾಂಬ, ಹೆಂಗಸರ ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಅಣ್ಣ ವಾಮದೇವಪ್ಪನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿದ್ದೇನೆ, ಮುಂದಿನದರಲ್ಲಿ ಮೆಷಿನ್, ಹಿಂದಿನದರಲ್ಲಿ ನಾನು. ಸಂಘಕ್ಕೆ ನನ್ನನ್ನು ಸೇರಿಸಿದವನೂ ಅಣ್ಣನೇ. ಆದರೆ ನನಗೆ ಬಿಕ್ಕಳಿಸಲು ಬರುತ್ತಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ನಾನು ಮಾಡಿದ ಸದ್ದು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ತಾಯಿ, ಇದು ಸೂಜಿ ಮುರಿದ ಹಾಗಿದೆ, ಮೀಸಲು ಪಡೆಯಲ್ಲಿ ಇರಿ” ಎಂದರು. ಮೀಸಲು ಪಡೆಗೆ ಚೀಟಿ ಬರುವುದೇ ಇಲ್ಲ.

ಅಣ್ಣ ಮಾತ್ರ ಸಂಘದ ಕಣ್ಮಣಿ. ಅವನ ಬಿಕ್ಕಳಿಕೆ ಹೊಟ್ಟೆಯ ಬುಡದಿಂದ ಏಳುತ್ತಿತ್ತು, ಭುಜ ಒಂದು ಅಂಗುಲ ಮೇಲೆ ಹೋಗುತ್ತಿತ್ತು, ಮಾತಿನ ಮಧ್ಯೆ ಎಲ್ಲಿ ಬೇಡವೋ ಅಲ್ಲೇ ಬರುತ್ತಿತ್ತು. ಹೊಸಬರಿಗೆ ತರಬೇತಿ ಕೊಡಲು ಮೇಷ್ಟ್ರು ಅವನನ್ನೇ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಏಳೆಂಟು ಜನ ಕೂತು ಬಿಕ್ಕಳಿಸುವುದು, ಅಣ್ಣ ಅವರ ನಡುವೆ ಓಡಾಡುತ್ತ, “ಗಂಟಲಿಂದ ಬೇಡ, ಹೊಟ್ಟೆಯಿಂದ, ಹೊಟ್ಟೆಯಿಂದ” ಎನ್ನುವುದು ನೋಡಲು ಚೆನ್ನಾಗಿತ್ತು. ಕೊನೆಗೆ ನನ್ನ ಕಡೆ ತಿರುಗಿ, “ನಿಂಗೆ ಯಾವತ್ತು ಬರುತ್ತೋ ಗಿರಿಜಾ” ಎಂದು ನಿಟ್ಟುಸಿರು ಬಿಡುತ್ತಿದ್ದ. ಅವನಿಗೆ ಅದು ನಿಜವಾದ ಬೇಸರವೇ.

ಅಣ್ಣ ಪುರಸಭೆಯ ನೀರುಗಂಟಿ. ಸಂತೆ ಮೈದಾನದಲ್ಲಿರುವ ಎತ್ತರದ ಟ್ಯಾಂಕ್ ಅವನ ಜವಾಬ್ದಾರಿ. ತಿಂಗಳಿಗೊಮ್ಮೆ ಏಣಿ ಹತ್ತಿ ಒಳಗೆ ಇಳಿದು ತೊಳೆಯಬೇಕು, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಬೇಕು. ತೊಳೆದ ದಿನಾಂಕವನ್ನು ಟ್ಯಾಂಕಿನ ಕಂಬದ ಮೇಲೆ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದ. ಅಕ್ಷರ ಮುದ್ದಾಗಿರುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಊರಿನಲ್ಲಿ ವಾಂತಿ ಭೇದಿ ಶುರುವಾಯಿತು. ಮೊದಲು ಮಾವಿನಹಣ್ಣಿನ ಮೇಲೆ ಅನುಮಾನ ಬಂತು, ಆಮೇಲೆ ಐಸ್‌ಕ್ಯಾಂಡಿಯವನ ಮೇಲೆ. ಅವನು ಪಾಪ ಗಾಡಿ ಬಿಟ್ಟು ಎರಡು ವಾರ ಮಾವನ ಮನೆಯಲ್ಲಿ ಕೂತ. ಅಣ್ಣ ಮನೆಯಲ್ಲಿ ಒಂದೇ ಮಾತು ಹೇಳಿದ: ನೀರು ಕುದಿಸಿ ಕುಡಿಯಿರಿ. ಅತ್ತಿಗೆ ಹಾಲಮ್ಮ, “ನೀವೇ ಶುದ್ಧ ಮಾಡೋ ನೀರು, ಅದನ್ನೂ ಕುದಿಸ್ಬೇಕಾ” ಎಂದಳು. ಅಣ್ಣ ಚಪ್ಪಲಿ ಹುಡುಕತೊಡಗಿದ.

ನನಗೆ ಸಂಗತಿ ತಿಳಿದದ್ದು ಒಂದು ಕುಪ್ಪಸದಿಂದ. ಷಡಕ್ಷರಿ ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮನವರು ಮೊಮ್ಮಗಳ ನಾಮಕರಣಕ್ಕೆಂದು ಕುಂಕುಮ ಬಣ್ಣದ ರೇಷ್ಮೆ ಬಟ್ಟೆ ಕೊಟ್ಟಿದ್ದರು. ಹೊಲಿದು, ಹಿತ್ತಲಿನ ಹಳೆಯ ಬಚ್ಚಲುಮನೆಯ ಬಾಗಿಲಿಗೆ ನೇತುಹಾಕಿದ್ದೆ. ಆ ಬಚ್ಚಲು ಬಳಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಗಾಳಿಗೆ ಕುಪ್ಪಸ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಿ ನೋಡಿದರೆ ಬೆನ್ನ ಮೇಲೆ ಅಂಗೈ ಅಗಲ ಬಿಳಿಯ ಕಲೆ. ಬಾಗಿಲು ನೂಕಿದೆ. ಮೂಗಿಗೆ ಖಾರವಾದ ವಾಸನೆ ಹೊಡೆಯಿತು. ಒಳಗೆ ನೆಲದಿಂದ ಸೂರಿನವರೆಗೆ ಪುರಸಭೆಯ ಮುದ್ರೆಯಿದ್ದ ಬ್ಲೀಚಿಂಗ್ ಪೌಡರ್ ಮೂಟೆಗಳು, ಒಂದರ ಮೇಲೊಂದು ನೀಟಾಗಿ ಜೋಡಿಸಿದ್ದವು. ಎಲ್ಲ ಬಾಯಿ ಹೊಲಿದ ಹಾಗೇ ಇದ್ದವು, ಒಂದು ಮಾತ್ರ ಒಡೆದಿತ್ತು.

ಅಣ್ಣ ಮಧ್ಯಾಹ್ನ ಊಟಕ್ಕೆ ಬಂದಾಗ ಕುಪ್ಪಸವನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಹಾಲಮ್ಮ ತವರಿಗೆ ಹೋಗಿದ್ದಳು. ಅವನು ಕಲೆಯನ್ನೇ ನೋಡುತ್ತ ಬಹಳ ಹೊತ್ತು ಅನ್ನ ಕಲೆಸಿದ.

“ಎರಡು ವರ್ಷದ ಹಿಂದೆ ಏಣಿ ಹತ್ತುವಾಗ ಒಂದು ಚಪ್ಪಲಿ ಬಿತ್ತು” ಎಂದ. “ಬೀಳೋದನ್ನ ನೋಡಿದೆ ಗಿರಿಜಾ. ನೋಡ್ಬಾರದಿತ್ತು. ಅದು ಬೀಳ್ತಾನೇ ಇತ್ತು, ನೆಲಕ್ಕೆ ಮುಟ್ತಾನೇ ಇರ್ಲಿಲ್ಲ. ಅವತ್ತು ಹೆಂಗೋ ಇಳಿದು ಬಂದೆ. ಆಮೇಲೆ ನಾಲ್ಕನೇ ಮೆಟ್ಟಿಲಿಗೇ ಕಾಲು ನಿಲ್ಲುತ್ತೆ.”

“ಎರಡು ವರ್ಷದಿಂದ ಟ್ಯಾಂಕ್ ತೊಳೆದಿಲ್ವಾ?”

“ದಿನಾಂಕ ಬರೀತಿದ್ನಲ್ಲ” ಎಂದ, ಅದೂ ಒಂದು ಕೆಲಸವೇ ಎನ್ನುವ ಹಾಗೆ.

“ಪೌಡರ್ ಆದ್ರೂ ಯಾರ ಕೈಲಾದ್ರೂ ಹಾಕಿಸ್ಬೇಕಿತ್ತು.”

“ಯಾರಿಗೆ ಹೇಳ್ಲಿ. ಹತ್ತೋಕೆ ಹೆದರೋ ನೀರುಗಂಟಿ ಅಂತ ಊರೆಲ್ಲ ಆಡ್ಕೊಳ್ಳಲ್ವಾ.”

“ಹಂಗಾದ್ರೆ ಇವನ್ನ ಯಾಕೆ ಕೂಡಿಟ್ಟೆ? ಎಲ್ಲಾದ್ರೂ ಚೆಲ್ಲಬಹುದಿತ್ತು.”

ಅವನು ನನ್ನನ್ನು ಬೇಸರದಿಂದ ನೋಡಿದ. “ಪುರಸಭೆ ಸಾಮಾನು ಕಣೇ. ಚೆಲ್ಲೋಕಾಗುತ್ತಾ.”

ನನಗೆ ನಗು ಬಂತು, ಅದು ನಾಚಿಕೆಗೆಟ್ಟ ನಗು. ಶುಕ್ರವಾರದೊಳಗೆ ಹತ್ತುತ್ತೇನೆ ಎಂದು ಅವನು ಮಾತು ಕೊಟ್ಟ. ಶುಕ್ರವಾರ ಬೆಳಿಗ್ಗೆ ಬಕೆಟ್ಟು, ಪೊರಕೆ ಹಿಡಿದು ಹೋದದ್ದನ್ನು ನಾನೇ ನೋಡಿದೆ. ಸಂಜೆ ಬಂದು, “ಆಯ್ತು, ತೊಳೆದೆ” ಎಂದ. ಪೊರಕೆ ಒಣಗಿಯೇ ಇತ್ತು. ಮರುದಿನ ಸಂತೆ ಮೈದಾನಕ್ಕೆ ಹೋಗಿ ನೋಡಿದರೆ ಕಂಬದ ಮೇಲೆ ಹೊಸ ದಿನಾಂಕ ಹೊಳೆಯುತ್ತಿತ್ತು, ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಏಣಿಯ ಐದನೇ ಮೆಟ್ಟಿಲಿಂದ ಮೇಲಕ್ಕೆ ಜೇಡರ ಬಲೆ ಹಾಗೇ ಇತ್ತು.

ಅದೇ ವಾರ ಮೇಷ್ಟ್ರ ಮೊಮ್ಮಗಳನ್ನು ಆಸ್ಪತ್ರೆಗೆ ಸೇರಿಸಿದರು. ಮೂರು ತಿಂಗಳ ಕೂಸು. ಸೂಜಿ ಚುಚ್ಚಲು ಕೈಯಲ್ಲಿ ನರ ಸಿಗದೆ ಕಾಲಿಗೆ ಡ್ರಿಪ್ ಹಾಕಿದರಂತೆ. ನಾಮಕರಣ ಮುಂದಕ್ಕೆ ಹೋಯಿತು. ನಾನು ಕಲೆಬಿದ್ದ ಕುಪ್ಪಸಕ್ಕೆ ಬದಲು ಬಟ್ಟೆ ತಂದು ಹೊಲಿಯುತ್ತಿದ್ದೆ. ಅಳತೆಯ ಚೀಟಿ ಎದುರಿಗಿಟ್ಟುಕೊಂಡೂ ಒಂದೇ ತೋಳನ್ನು ಮೂರು ಸಲ ಬಿಚ್ಚಿದೆ. ಕೊನೆಗೆ ಎದ್ದು ಮೇಷ್ಟ್ರ ಮನೆಗೆ ಹೋದೆ.

“ನಾಳೆ ಕೆಲಸವಿದೆ” ಎಂದೆ.

ಮೇಷ್ಟ್ರು ನನ್ನನ್ನು ನೋಡಿದರು. ಏನು ಎತ್ತ ಎಂದು ಕೇಳಲಿಲ್ಲ, ನಿಯಮ ಮಾಡಿದವರೇ ಅವರು. “ನಿಮ್ಮ ಹೆಸರಿಗೂ ಒಂದು ಸೇವೆಯ ಚೀಟಿ ಬರೀತೀನಿ, ಆಗ ಅನುಮಾನ ಬರಲ್ಲ. ಊರಿಗೂ ಗೊತ್ತಾಗ್ಲಿ, ಮೀಸಲು ಪಡೆಯವರಿಗೂ ಅವಕಾಶ ಕೊಡ್ತೀವಿ ಅಂತ” ಎಂದರು.

ಸಂಜೆ ನಮ್ಮ ಮನೆಗೆ ಎರಡು ಚೀಟಿ ಬಂದವು. ಒಂದು ಅಣ್ಣನದು, ಒಂದು ನನ್ನದು. ಇದನ್ನು ನಾನು ಯೋಚಿಸಿರಲಿಲ್ಲ. ಅಣ್ಣನಿಲ್ಲದೆ ಸೇವೆ ನಡೆಯುವುದಾದರೂ ಹೇಗೆ. ಅವನನ್ನು ಬಿಡಿ ಎಂದು ಮೇಷ್ಟ್ರಿಗೆ ಹೇಳಿದರೆ ಎಲ್ಲ ಹೇಳಿದ ಹಾಗೆಯೇ. ಅಣ್ಣ ನನ್ನ ಚೀಟಿ ಓದಿ, “ಕಡೆಗೂ ಕರೆದ್ರಲ್ಲ” ಎಂದು ಸಂತೋಷಪಟ್ಟ. ರಾತ್ರಿ ಊಟವಾಗುವವರೆಗೂ ನನಗೆ ಪಾಠ ಹೇಳಿಕೊಟ್ಟ. “ಉಸಿರು ಒಳಗೆಳಕೋ, ಅರ್ಧಕ್ಕೆ ತಡಿ, ಈಗ ಬಿಡು.” ನಾನು ಬಿಟ್ಟೆ. ಹಾಲಮ್ಮ ತವರಿಂದ ಬಂದಿದ್ದಳು, ಒಲೆಯ ಮುಂದಿನಿಂದಲೇ, “ಬೆಕ್ಕಿಗೇನಾಯ್ತು” ಎಂದು ಕೇಳಿದಳು.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಲೈಬ್ರರಿಯ ಹಿಂದೆ ದೂರು ಹೇಳುವ ಕೋಣೆಗೆ ಹೋದೆ. ನಡುವೆ ಕಪ್ಪು ಪರದೆ, ಆ ಕಡೆ ಖಾಸಿಂ ಸಾಹೇಬರು. ದನಿ ಕೇಳಿದರೆ ಊರಿನ ಯಾರನ್ನಾದರೂ ಗುರುತಿಸುವವರು ಅವರು, ಆದರೂ ಎಲ್ಲರನ್ನೂ ಸ್ವಾಮಿ ಅಂತಲೇ ಕರೆಯುತ್ತಿದ್ದರು. ದೂರು ಕೇಳಿ ಹತ್ತು ಎಣಿಸುವುದು ಅವರ ಪದ್ಧತಿ. ಅಷ್ಟರಲ್ಲಿ ಬಿಕ್ಕಳಿಕೆ ಬಂದರೆ ಬರೆದುಕೊಳ್ಳುತ್ತಿದ್ದರು, ಬರದಿದ್ದರೆ “ಆಗಲಿ, ಹೋಗಿ ಬನ್ನಿ” ಎನ್ನುತ್ತಿದ್ದರು.

“ಹೇಳಿ ಸ್ವಾಮಿ.”

“ಎರಡು ವರ್ಷದಿಂದ ನೀರಿನ ಟ್ಯಾಂಕ್ ತೊಳೆದಿಲ್ಲ” ಎಂದೆ.

ಇಬ್ಬರೂ ಕಾದೆವು. ಏನೂ ಬರಲಿಲ್ಲ. ಪರದೆಯ ಆಚೆ ಪೆನ್ನಿನ ಮುಚ್ಚಳ ಹಾಕಿದ ಸದ್ದು. “ಟ್ಯಾಂಕ್ ಮೇಲೆ ಕೇಸ್ ಹಾಕೋಕೆ ಬರಲ್ಲ ಸ್ವಾಮಿ. ಯಾರು ತೊಳೆದಿಲ್ಲ?”

ನಾನು ಪರದೆಯ ಹೊಲಿಗೆ ನೋಡುತ್ತ ನಿಂತೆ. ಬಹಳ ಕೆಟ್ಟ ಹೊಲಿಗೆ. ನಾನು ಅಂದುಕೊಂಡದ್ದು ತಪ್ಪಿರಬಹುದು, ಹೆಸರು ಹೇಳಿದರೂ ಬಿಕ್ಕಳಿಕೆ ಬರದೇ ಇರಬಹುದು, ಅಣ್ಣ ಯಾವುದೋ ಹೊತ್ತಿನಲ್ಲಿ ಹತ್ತಿ ತೊಳೆದಿರಬಹುದು ಎಂದೆಲ್ಲ ಆಸೆಪಟ್ಟೆ. “ನಮ್ಮಣ್ಣ” ಎಂದೆ. ಮಾತು ಮುಗಿಯುವ ಮೊದಲೇ ಅದು ಬಂತು. ಇಡೀ ಮೈ ಅಲ್ಲಾಡಿತು. ಸಾಹೇಬರು ಹತ್ತು ಎಣಿಸಲಿಲ್ಲ. “ಬರ್ಕೊಂಡೆ ಸ್ವಾಮಿ. ನಾಳೆ ಬೆಳಿಗ್ಗೆ ಬರ್ತೀವಿ” ಎಂದು ಮೆಲ್ಲಗೆ ಹೇಳಿದರು.

ಹೊರಗೆ ಬಂದರೆ ಬಜಾರು ಬಿಕ್ಕಳಿಸುತ್ತಿತ್ತು. ಬಾಳೆಹಣ್ಣಿನವನು ಬಿಕ್ಕಳಿಸಿ ತಕ್ಕಡಿ ಅಲ್ಲಾಡಿಸಿ ಗಿರಾಕಿಯ ಹತ್ತಿರ ಬೈಸಿಕೊಳ್ಳುತ್ತಿದ್ದ. ಕ್ಷೌರದಂಗಡಿಯವನಿಗೆ ಅವತ್ತು ರಜ, ಚೀಟಿ ಬಂದ ದಿನ ಕತ್ತಿ ಹಿಡಿಯಬಾರದೆಂದು ನಿಯಮ. ನಾನು ನಡೆಯುತ್ತಿದ್ದ ಹಾಗೆ ಜನ ತಿರುಗಿ ನೋಡಿದರು. “ಗಿರಿಜಾಂಬ, ಎಷ್ಟು ಸುಧಾರಿಸಿದ್ದೀರಿ” ಎಂದು ಬಳೆ ಅಂಗಡಿಯವಳು ಕೂಗಿ ಹೇಳಿದಳು. ಅಂಚೆ ಕಚೇರಿಯ ಮುಂದೆ ಮೂವರು ಸ್ವಯಂಸೇವಕರು ನಿಂತು ಕೇಳಿ, ಒಬ್ಬನಂತೂ “ಯಾರ ಹತ್ರ ಕಲಿತ್ರಿ” ಎಂದು ಕೇಳಿದ. ಅಣ್ಣನ ಹತ್ತಿರ ಎಂದೆ. ಅದು ಸುಳ್ಳೂ ಅಲ್ಲ.

ಅಣ್ಣ ಜಗಲಿಯಲ್ಲಿ ಕೂತು ಸೇವೆ ಮಾಡುತ್ತಿದ್ದ. ನಾನು ಗೇಟು ತೆಗೆಯುವಾಗ ಒಂದು ಬಂತು. ಅವನು ತಲೆಯೆತ್ತಿದ. ಮುಖ ಅರಳಿತು. “ಇನ್ನೊಂದ್ಸಲ” ಎಂದ. ಹೇಳಿ ಮಾಡಿಸಿದ ಹಾಗೆ ಇನ್ನೊಂದು ಬಂತು. “ಹಾಲಮ್ಮ, ಬಾ ಇಲ್ಲಿ, ಕೇಳು ಇವಳದು. ಹೊಟ್ಟೆಯಿಂದ ಬರ್ತಿದೆ. ಒಂದೇ ರಾತ್ರಿಯಲ್ಲಿ ಕಲಿತುಬಿಟ್ಟಳು.” ಅತ್ತಿಗೆ ಬಂದು ಕೇಳಿ ಹೋದಳು. ನಾನು ಕಂಬಕ್ಕೆ ಒರಗಿ ಕೂತೆ. ಅವನೊಮ್ಮೆ, ನಾನೊಮ್ಮೆ. ಅವನು ನನ್ನ ಭುಜವನ್ನು ನೋಡಿದ, ಕುತ್ತಿಗೆಯನ್ನು ನೋಡಿದ, ಒಬ್ಬ ಮೇಷ್ಟ್ರು ಮಗ್ಗಿ ಒಪ್ಪಿಸುವವರನ್ನು ನೋಡುವ ಹಾಗೆ. ಹಾಗೆ ನೋಡುತ್ತಿದ್ದಂತೆಯೇ ಅವನ ಮುಖದ ನಗು ನಿಧಾನವಾಗಿ ಇಳಿಯಿತು. ಅವನಿಗಿಂತ ಚೆನ್ನಾಗಿ ಊರಿನಲ್ಲಿ ಆ ವ್ಯತ್ಯಾಸ ಬಲ್ಲವರು ಯಾರೂ ಇರಲಿಲ್ಲ.

ಒಂದು ನಿಮಿಷ ಅವನ ಬಿಕ್ಕಳಿಕೆ ನಿಂತಿತು. ಬೀದಿಯಲ್ಲಿ ಯಾರೋ ಹೋಗುತ್ತಿದ್ದರು, ನಮ್ಮ ಜಗಲಿಯಲ್ಲಿ ನನ್ನದೊಂದೇ ಕೇಳಿಸುತ್ತಿತ್ತು. ಅವನು ಬೀದಿಯ ಕಡೆ ನೋಡಿದ, ನೇರ ಕೂತ, ಮತ್ತೆ ಶುರುಮಾಡಿದ. ಮೊದಲಿಗಿಂತ ಜೋರಾಗಿ. ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ದನಿ ಒಡೆಯಿತು. ಹಾಲಮ್ಮ, “ಸಾಕು ಬಿಡ್ರೀ, ಸಂಘದವರೇನು ನೋಡ್ತಾ ಇರ್ತಾರಾ” ಎಂದಳು. “ಡ್ಯೂಟಿ” ಎಂದಷ್ಟೇ ಹೇಳಿದ. ಆರಕ್ಕೆ ಸೈರನ್ ಆದಾಗ ನನ್ನದು ತಾನಾಗಿ ನಿಂತಿತು. ಅವನು ಎದ್ದು ಒಳಗೆ ಹೋದ.

ಬೆಳಿಗ್ಗೆ ಖಾಸಿಂ ಸಾಹೇಬರು ಬರುವ ಹೊತ್ತಿಗೆ ಅಣ್ಣ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಮೂಟೆಗಳನ್ನೆಲ್ಲ ಜಗಲಿಗೆ ತಂದು ಸಾಲಾಗಿ ಇಟ್ಟಿದ್ದ. ಸಾಹೇಬರಿಗೆ ಕೇಳುವ ಕೆಲಸವೇ ಉಳಿಯಲಿಲ್ಲ. ಊರೆಲ್ಲ ಸಂತೆ ಮೈದಾನದಲ್ಲಿ ಸೇರಿತು. ಟ್ಯಾಂಕಿನ ಒಳಗೆ ನೋಡಬೇಕಲ್ಲ, ಯಾರು ಹತ್ತುತ್ತಾರೆ ಎಂದು ಸಾಹೇಬರು ಕೇಳಿದರು. ಪೇದೆಗಳು ಏಣಿಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ಒಬ್ಬ ಮಂಡಿ ನೋವು ಎಂದ, ಇನ್ನೊಬ್ಬ ತನಗೂ ಅದೇ ಎಂದ. ಅಣ್ಣ ಅವರನ್ನು ನೋಡುತ್ತ ನಿಂತಿದ್ದ. ಎರಡು ವರ್ಷ ಇಡೀ ಊರಿಗೆ ಹೆದರಿ ಮುಚ್ಚಿಟ್ಟ ಆ ಏಣಿಯ ಭಯ ಎಷ್ಟು ಜನರ ಹತ್ತಿರ ಇತ್ತು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

ಕೊನೆಗೆ ಹಾಲಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಗಂಡನ ಮುಖ ನೋಡಲಿಲ್ಲ. ಏಣಿ ಹತ್ತಿದಳು, ಹಿತ್ತಲಿನ ನುಗ್ಗೆಮರ ಹತ್ತುವ ಹಾಗೆ. ಮೇಲೆ ಮುಚ್ಚಳ ತೆಗೆದು ಬಗ್ಗಿ ನೋಡಿ, ಕೆಳಗಿದ್ದವರಿಗೆ ಕೇಳಿಸುವ ಹಾಗೆ, “ಪಾರಿವಾಳ ಮೂರು” ಎಂದಳು. “ಒಂದು ಹಾವು, ಚಿಕ್ಕದು.” ಇನ್ನೂ ಹೇಳುವವಳಿದ್ದಳು, ಸಾಹೇಬರು ಕೈಮುಗಿದು ಸಾಕು ಎಂದರು. ಮೈದಾನದ ಅಂಚಿನಲ್ಲಿ ಏಳೆಂಟು ಜನ ಆಗಲೇ ಬಗ್ಗಿ ಓಕರಿಸುತ್ತ ಕೂತಿದ್ದರು.

ಅಣ್ಣನಿಗೆ ಎರಡು ತಿಂಗಳ ಶಿಕ್ಷೆಯಾಯಿತು, ಕೆಲಸ ಹೋಯಿತು. ಟ್ಯಾಂಕಿನ ಕೆಲಸವನ್ನು ಪುರಸಭೆಯವರು ಹಾಲಮ್ಮನಿಗೇ ಕೊಟ್ಟರು, ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಅವಳು ಕಂಬದ ಮೇಲೆ ದಿನಾಂಕ ಬರೆಯುವುದಿಲ್ಲ, ತೊಳೆದ ಕೊಳೆಯನ್ನು ಬುಟ್ಟಿಯಲ್ಲಿ ತುಂಬಿ ಕಂಬದ ಬುಡದಲ್ಲಿ ಇಟ್ಟುಹೋಗುತ್ತಾಳೆ. ಮೇಷ್ಟ್ರ ಮೊಮ್ಮಗಳು ಹುಷಾರಾಗಿ ಮನೆಗೆ ಬಂತು. ಯಾರೂ ಸಾಯಲಿಲ್ಲ. ಅದೊಂದು ದೊಡ್ಡ ಪುಣ್ಯ.

ಆದರೆ ನನಗೆ ಊಟ ಸೇರುತ್ತಿರಲಿಲ್ಲ. ಪ್ರತಿ ಸೋಮವಾರ ಬುತ್ತಿ ಕಟ್ಟಿಕೊಂಡು ಜೈಲಿಗೆ ಹೋಗುತ್ತಿದ್ದೆ. ಅಣ್ಣ ಚಟ್ನಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದ, ಹಾಲಮ್ಮ ಏಣಿ ಹತ್ತುವಾಗ ಕೆಳಗೆ ನೋಡದಿರಲಿ ಎನ್ನುತ್ತಿದ್ದ, ಬೇರೇನೂ ಮಾತಿಲ್ಲ. ಒಡಹುಟ್ಟಿದವನನ್ನು ಹಿಡಿದುಕೊಟ್ಟದ್ದು ಸರಿಯೋ ತಪ್ಪೋ ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ತಿಳಿಯುವ ದಾರಿ ಇರಲಿಲ್ಲ. ನಮ್ಮ ತಪ್ಪನ್ನು ನಾವೇ ಹೇಳಿಕೊಂಡರೆ ನಮ್ಮೂರಿನಲ್ಲಿ ಬಿಕ್ಕಳಿಕೆ ಬರುವುದಿಲ್ಲ. ಊರಿನವರು ಮಾತ್ರ ದೂರು ಕೊಟ್ಟವರು ಯಾರು ಎಂದು ತಲೆ ಕೆಡಿಸಿಕೊಂಡಿದ್ದರು. ಕೆಲವರು ಪಂಪ್‌ಹೌಸಿನವನು ಎಂದರು, ಕೆಲಸ ಸಿಕ್ಕಿದ್ದರಿಂದ ಹಾಲಮ್ಮನೇ ಎಂದು ಕೆಲವರು ಹೇಳಿದರು. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಅಣ್ಣ ಬಿಡುಗಡೆಯಾಗಿ ಬಂದು ಒಂದು ವಾರ ಮನೆಯೊಳಗೇ ಇದ್ದ. ಆಮೇಲೆ ಒಂದು ದಿನ ನನ್ನ ಕೋಣೆಗೆ ಬಂದು ಮೋಟು ಸ್ಟೂಲಿನ ಮೇಲೆ ಕೂತು, “ಏನಾದ್ರೂ ಕೆಲಸ ಕೊಡು” ಎಂದ. ಗುಂಡಿಗೆ ಕಾಜಾ ಹಾಕಲು ತೋರಿಸಿಕೊಟ್ಟೆ. ಮುದ್ದಾದ ಅಕ್ಷರದ ಕೈ, ಒಂದು ತಿಂಗಳಲ್ಲಿ ನನಗಿಂತ ಚೆನ್ನಾಗಿ ಹಾಕತೊಡಗಿದ. ಗಿರಾಕಿಗಳು ಮೊದಮೊದಲು ಅವನಿದ್ದರೆ ಬಾಗಿಲಲ್ಲೇ ನಿಂತು ಬಟ್ಟೆ ಕೊಟ್ಟು ಹೋಗುತ್ತಿದ್ದರು. ನಂತರ ಒಬ್ಬೊಬ್ಬರೇ ಒಳಗೆ ಬಂದರು.

ಒಂದು ದಿನ ಸರ್ವಮಂಗಳಮ್ಮನವರು ಮೊಮ್ಮಗಳಿಗೆ ಲಂಗ ಹೊಲಿಸಲು ಬಂದರು. ಬಟ್ಟೆ ಬಿಚ್ಚಿ ತೋರಿಸಿ, ಅಳತೆ ಹೇಳಿ, ಹೋಗದೆ ಕೂತರು. ಅಣ್ಣನ ಕಡೆ ಎರಡು ಸಲ ನೋಡಿದರು. ಕೊನೆಗೆ ಕೇಳಿಯೇಬಿಟ್ಟರು. “ವಾಮದೇವಪ್ಪ, ಆದದ್ದು ಆಗಿಹೋಯ್ತು, ಕೂಸೂ ಹುಷಾರಾಯ್ತು, ಈಗ ಮನಸ್ಸಲ್ಲಿ ಏನಿಲ್ಲ. ಆದ್ರೆ ಒಂದು ಕೇಳ್ತೀನಿ. ನಿಮ್ಮ ಮೇಲೆ ಹೇಳಿದ್ದು ಯಾರು ಅಂತ ನಿಮಗೆ ಗೊತ್ತಾಯ್ತಾ?”

“ಗೊತ್ತು” ಎಂದ ಅಣ್ಣ, ಕಾಜಾದಿಂದ ಕಣ್ಣು ತೆಗೆಯದೆ.

ನನ್ನ ಕಾಲು ಮೆಷಿನ್ ಮೇಲೆ ನಿಂತುಹೋಯಿತು.

“ಯಾರು?”

“ಇವಳೇ, ಗಿರಿಜಾ.”

ಸರ್ವಮಂಗಳಮ್ಮನವರು ಬಾಯಿ ತೆರೆದು ನನ್ನನ್ನು ನೋಡಿದರು, ಆಮೇಲೆ ಅವನನ್ನು. ಹೇಳಿದವನಿಗೆ ಈಗ ಬರಬೇಕಲ್ಲ ಎಂದು ಬೆರಳು ಮಡಚುತ್ತ ಎಣಿಸಿದರು. ನಾನು ಎಣಿಸಲಿಲ್ಲ, ಅವನ ಭುಜವನ್ನೇ ನೋಡುತ್ತಿದ್ದೆ. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವರ ಹತ್ತೂ ಬೆರಳು ಮಡಚಿ ಮುಗಿದವು. ಅಣ್ಣ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎಳೆದ, ಭುಜ ಅಲ್ಲಾಡಲಿಲ್ಲ.

“ಬರ್ಲೇ ಇಲ್ಲ” ಎಂದು ಅವರು ನಕ್ಕರು. “ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವೇನ್ರೀ. ಪಾಪ, ವಾರವಾರ ಬುತ್ತಿ ಹೊತ್ತವಳು ಇವಳು.” ಶುಕ್ರವಾರ ಬರುತ್ತೇನೆ ಎಂದು ಹೇಳಿ, ಇನ್ನೂ ನಗುತ್ತಲೇ ಮೆಟ್ಟಿಲಿಳಿದು ಹೋದರು.

ಅಣ್ಣ ದಾರ ಕತ್ತರಿಸಿದ.

“ಕೇಳಿಸ್ಕೊಂಡ್ಯಾ?” ಎಂದ.

“ಏನೂ ಕೇಳಿಸ್ಲಿಲ್ಲ.”

“ಅದೇ” ಎಂದ, ಮತ್ತು ಮುಂದಿನ ಕಾಜಾ ಎಲ್ಲಿ ಹಾಕಬೇಕೆಂದು ಬಟ್ಟೆಯನ್ನು ನನ್ನ ಕಡೆ ಚಾಚಿದ.